ಭುಜ ನೋಯಿಸದ ಗಿಟಾರ್ ಯಾವುದು?

ಪ್ರಶ್ನೆ: ನಾನು ಕಾರವಾರದಲ್ಲಿ ಶಿಕ್ಷಕಿ, ವಯಸ್ಸು 44, ಎತ್ತರ ಐದಡಿ. ಅಣ್ಣನ ಮಗ ಬಿಟ್ಟುಹೋದ ದೊಡ್ಡ ಗಿಟಾರಿನಲ್ಲಿ ಒಂದು ವರ್ಷದಿಂದ ಕಲಿಯುತ್ತಿದ್ದೇನೆ. ಅರ್ಧ ಗಂಟೆ ನುಡಿಸಿದರೆ ಬಲಭುಜ ನೋಯುತ್ತದೆ, ಒಂದೇ ಬೆರಳಲ್ಲಿ ಹಲವು ತಂತಿ ಒತ್ತಿ ಹಿಡಿಯುವ ಎಫ್ ಕಾರ್ಡ್ ಅಂತೂ ಬರುವುದೇ ಇಲ್ಲ. ಶಾಲೆಯ ಕಾರ್ಯಕ್ರಮದಲ್ಲಿ ಸ್ಪೀಕರಿಗೆ ಜೋಡಿಸುವಂಥ ಗಿಟಾರ್ ಬೇಕು. ಯಾವುದು ತಗೊಳ್ಳಲಿ ಸರ್? ನನ್ನ ಕೈಯೇ ಚಿಕ್ಕದಾಯಿತೇ?

ಉತ್ತರ: ಕೈಯನ್ನು ಬಯ್ಯಬೇಡಿ ಮೇಡಂ, ತಪ್ಪು ಆ ಗಿಟಾರಿನ ಹೊಟ್ಟೆಯದು. ನೀವು ಬರೆದದ್ದು ನೋಡಿದರೆ ಅದು ಡ್ರೆಡ್‌ನಾಟ್ ಆಕಾರದ್ದೇ ಇರಬೇಕು. 1916ರಲ್ಲಿ ಮಾರ್ಟಿನ್ ಕಂಪನಿ ಮಾಡಿದ ಈ ದೊಡ್ಡ ಗಿಟಾರಿಗೆ ಬ್ರಿಟಿಷರ ಯುದ್ಧನೌಕೆಯ ಹೆಸರು. ನಿಮ್ಮೂರ ಟಾಗೋರ್ ಬೀಚಿನಲ್ಲಿ ಚಪಲ್ ಯುದ್ಧನೌಕೆ ನೋಡಿರುವ ನಿಮಗೆ ಗಾತ್ರದ ಬಗ್ಗೆ ಬೇರೆ ಹೇಳಬೇಕಾ! ಅದರ ದಪ್ಪ ಸುಮಾರು 12 ಸೆಂ.ಮೀ. ಐದಡಿ ಎತ್ತರದವರು ಅದರ ಮೇಲೆ ಕೈ ಹಾಕಿದರೆ ಭುಜ ಮೇಲೆದ್ದೇ ಇರುತ್ತದೆ, ಅರ್ಧ ಗಂಟೆ ಹಾಗೆ ಕೂತರೆ ಯಾರಿಗಾದರೂ ನೋವು ಬರುವುದೇ.

ಹಾಗಾಗಿ ತೆಳು ಹೊಟ್ಟೆಯದು ನೋಡಿ. ಯಮಹಾ ಎಪಿಎಕ್ಸ್600 ಇದೆಯಲ್ಲ, ಅದರ ದಪ್ಪ 8ರಿಂದ 9 ಸೆಂ.ಮೀ., ಅಷ್ಟೇ. ತಂತಿಯ ಉದ್ದವೂ 634 ಮಿ.ಮೀ.; ಡ್ರೆಡ್‌ನಾಟ್‌ಗಳಲ್ಲಿ ಸಾಮಾನ್ಯವಾಗಿ 645ರಿಂದ 648 ಇರುತ್ತದೆ. ವ್ಯತ್ಯಾಸ ಒಂದೂವರೆ ಸೆಂಟಿಮೀಟರಿಗಿಂತ ಕಡಿಮೆ, ಆದರೂ ತಂತಿಯ ಬಿಗಿ ಕಡಿಮೆಯಾಗಿ ಬೆರಳಿಗೆ ಅದು ಗೊತ್ತಾಗುತ್ತದೆ. ತೆಳು ಗಿಟಾರ್ ಮನೆಯಲ್ಲಿ ಸುಮ್ನೆ ನುಡಿಸುವಾಗ ಗುಂಯ್ ಅನ್ನುವ ತುಂಬು ದನಿ ಕೊಡುವುದಿಲ್ಲ ನಿಜ, ಆದರೆ ನೀವು ಸ್ಪೀಕರಿಗೆ ಜೋಡಿಸುವವರು, ಅಲ್ಲಿ ಸ್ಪೀಕರಿನ ಸದ್ದು ಮತ್ತೆ ಗಿಟಾರಿಗೇ ಹೊಕ್ಕು ದೊಡ್ಡ ಹೊಟ್ಟೆಯದೇ ಜಾಸ್ತಿ ಕೂಗಿ ಕಾಟ ಕೊಡುವುದು. ಸ್ಪೀಕರಿಗೆ ಜೋಡಿಸುವ ಇಂಥ ಗಿಟಾರನ್ನು ಅಂಗಡಿಯಲ್ಲಿ ಸೆಮಿ ಅಕೌಸ್ಟಿಕ್ ಅನ್ನುತ್ತಾರೆ, ಹಾಗೆಯೇ ಕೇಳಿ. ಮಡಗಾಂವಿಗೆ ಹೋದರೂ ಸರಿ, ಹುಬ್ಬಳ್ಳಿಗೆ ಹೋದರೂ ಸರಿ, ನಿಂತು ಎರಡು ಕಾರ್ಡ್ ಬಾರಿಸಿ ದುಡ್ಡು ಕೊಡಬೇಡಿ. ಕೈಯಿಲ್ಲದ ಕುರ್ಚಿ ಕೇಳಿ, ಇಪ್ಪತ್ತು ನಿಮಿಷ ಕೂತು ನುಡಿಸಿ. ಅಂಗಡಿಯವರು ಮುಖ ಸಿಂಡರಿಸಿದರೆ ಬೇರೆ ಅಂಗಡಿ.

ಇನ್ನು ಎಫ್ ಕಾರ್ಡ್. ಅದು ಬಹುಪಾಲು ಸೆಟಪ್ಪಿನ, ಅಂದರೆ ತಂತಿಯ ಎತ್ತರ ಹೊಂದಿಸುವುದರ ಸಮಸ್ಯೆ. ಕತ್ತಿನ ಮೇಲೆ ಅಡ್ಡಲಾಗಿರುವ ಲೋಹದ ಪಟ್ಟಿಗಳೇ ಫ್ರೆಟ್; 12ನೇ ಫ್ರೆಟ್ಟಿನ ಮೇಲೆ ದಪ್ಪ ತಂತಿ ಸುಮಾರು ಎರಡೂವರೆ ಮಿ.ಮೀ., ಸಣ್ಣ ತಂತಿ ಎರಡು ಮಿ.ಮೀ. ಎತ್ತರದಲ್ಲಿದ್ದರೆ ಸಾಕು. ಕತ್ತಿನ ತುದಿಯಲ್ಲಿ ತಂತಿ ಹಾದುಹೋಗುವ ಸಣ್ಣ ಪಟ್ಟಿ, ಅಂದರೆ ನಟ್‌ನಲ್ಲಿ ತಂತಿ ಕೂರುವ ಗೀರು ಆಳವಾಗಿಲ್ಲದಿದ್ದರೂ ಮೊದಲ ಫ್ರೆಟ್ಟಿನಲ್ಲಿ ಒತ್ತುವುದು ಕಷ್ಟ, ಎಫ್ ಹಿಡಿಯುವುದು ಅಲ್ಲೇ ಅಲ್ವಾ? ಕೊಳ್ಳುವಾಗಲೇ ಸರಿಮಾಡಿಸಿಕೊಳ್ಳಿ. ತಂತಿಯನ್ನೂ 12 ನಂಬರಿನದರ ಬದಲು ಇನ್ನೂ ತೆಳುವಾದ 11 ಅಥವಾ 10 ನಂಬರಿನದು ಹಾಕಿಸಿ.

ನಿಮ್ಮಲ್ಲಿ ಮಳೆಗಾಲವೂ ಲೆಕ್ಕಕ್ಕೆ ಬರುತ್ತದೆ. ತೇವಕ್ಕೆ ಮುಂದಿನ ಹಲಗೆ ಉಬ್ಬಿ ತಂತಿ ಮೇಲೇಳುತ್ತದೆ, ಜೂನ್‌ನಲ್ಲಿ ಸಲೀಸಾಗಿದ್ದ ಗಿಟಾರ್ ಆಗಸ್ಟಿನಲ್ಲಿ ಬೆರಳು ಕೊಯ್ಯುತ್ತದೆ. ಇಡಿ ಮರದ ಹಲಗೆಗಿಂತ ಪ್ಲೈ ಹಲಗೆ ಇದನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ, ಅಂಗಡಿಯವರು ಅದನ್ನು ಕೀಳಾಗಿ ಕಂಡರೂ ಕಡಲತೀರಕ್ಕೆ ನನ್ನ ಓಟು ಅದಕ್ಕೇ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಚೀಲ ಇಡಿ, ನುಡಿಸಿದ ಮೇಲೆ ತಂತಿ ಒರೆಸಿ. ಉಪ್ಪುಗಾಳಿಗೆ ತುಕ್ಕು ಬೇಗ. ಲೇಪ ಕೊಟ್ಟ ತಂತಿ ದುಬಾರಿಯಾದರೂ ಜಾಸ್ತಿ ದಿನ ಬರುತ್ತದೆ.

ಕೊನೆಗೊಂದು ಮಾತು. ನುಡಿಸಿ ಮುಗಿದ ಕೂಡಲೇ ಗಿಟಾರಿನಿಂದ ಸ್ಪೀಕರಿನ ವೈರ್ ಕಿತ್ತಿಡಿ. ಅದನ್ನು ಚುಚ್ಚಿದರೆ ಒಳಗಿನ ಬ್ಯಾಟರಿ ಆನ್ ಆದಂತೆ, ಬೇರೆ ಸ್ವಿಚ್ ಇರುವುದಿಲ್ಲ. ಇದು ಗೊತ್ತಿಲ್ಲದೆ ನಾನು ಶಿರಸಿಯಲ್ಲಿ ಒಂದೇ ತಿಂಗಳಲ್ಲಿ ಮೂರು ಬ್ಯಾಟರಿ ಸುಟ್ಟು, ಗಿಟಾರೇ ಕೆಟ್ಟಿದೆ ಎಂದು ರಿಪೇರಿಗೆ ಹೊತ್ತುಕೊಂಡು ಹೋಗಿದ್ದೆ.