ಓದುಗರ ಪ್ರಶ್ನೆ: ಬಾಸ್ ರಾಡ್‌ಲೆ ಕೊರವ ಮೀನು ಹಿಡಿಬಹುದೇನ್ರಿ?

ಪ್ರಶ್ನೆ: ಸರ್, ನಮಸ್ಕಾರ್ರಿ. ನಾನು ಹಾನಗಲ್ಲ ತಾಲೂಕಿನಾವ. ಸಣ್ಣಾಂವ ಇದ್ದಾಗಿಂದ ನಮ್ಮೂರ ಕಳೆ ತುಂಬಿದ ಕೆರ್ಯಾಗ ಗಾಳ ಹಾಕ್ತೀನಿ, ಈಗ ಎರಡು ವರ್ಷದಿಂದ ಅಮೆರಿಕಾದ ಬಾಸ್ ಫಿಶಿಂಗ್ ವಿಡಿಯೋ ನೋಡಿ ನೋಡಿ ರಬ್ಬರ್ ಕಪ್ಪಿ ಹಾಕಿ ಕೊರವ ಹಿಡಿಯೂದು ಕಲ್ತೀನಿ. ನನ್ನ ಹತ್ರ ಇರೋದು 8 ಫೂಟಿನ ಫೈಬರ್ ಟೆಲಿಸ್ಕೋಪಿಕ್ ರಾಡ್, ಸಾದಾ ರೀಲ್, 0.35 ಎಂಎಂ ನೈಲಾನ್ ದಾರ. ಹೋದ ತಿಂಗಳ ಮೂರು ದೊಡ್ಡ ಮೀನು ತಪ್ಪಿಸಿಕೊಂಡ್ವು, ಒಂದು ದಾರಾನ ಹರಕೊಂಡು ಹೋತು. ನಮ್ಮ ಕಾಕಾನ ಮಗ 12 ಫೂಟಿನ ಹಳೇ ಎಫ್‌ಆರ್‌ಪಿ (ಫೈಬರ್) ದೋಣಿ ಕೊಡ್ತೀನಿ ಅಂದಾನ. ಕೈಯಾಗ 40 ಸಾವಿರ ಐತಿ. ಬಾಸ್ ರಾಡ್, ಬೇಟ್‌ಕಾಸ್ಟರ್ ರೀಲ್ (ಎಸೆದಾಗ ದಾರ ಸುತ್ತಿದ ಉರುಳಿನ ತಿರುಗೋದು), ಟ್ರೋಲಿಂಗ್ ಮೋಟಾರ್ (ದೋಣಿ ನಡಸೋ ಬ್ಯಾಟರಿ ಮೋಟಾರ್), ಫಿಶ್ ಫೈಂಡರ್ (ನೀರೊಳಗಿನ ಮೀನು ಪರದೆ ಮ್ಯಾಲ ತೋರ್ಸೋ ಸೋನಾರ್) ಎಲ್ಲಾ ತಗೋಬೇಕಂತ ಅದೀನಿ. ಯಾವುದು ಮೊದಲು ತಗೋಲಿ?

ಉತ್ತರ: ತಮ್ಮಾ, ಮೊದಲು ಫಿಶ್ ಫೈಂಡರ್ ನಿನ್ನ ಪಟ್ಟಿಯಿಂದ ತಗದಬಿಡು. ಅದು ಕೆಟ್ಟ ಸಾಮಾನು ಅಂತಲ್ಲ, ನವಿಲುತೀರ್ಥದಂಥ ಡ್ಯಾಮಿನ ಆಳ ನೀರಾಗ ಅದರ ಕಿಮ್ಮತ್ತು ಗೊತ್ತಾಗ್ತೈತಿ, ಆದ್ರ ನೀ ಹೋಗೂದು ಮೂರು ನಾಕು ಫೂಟ್ ನೀರಿನ, ಆಪು ಬೆಳದಿರೋ, ತಾವರಿ ಎಲಿ ಮುಚ್ಚಿರೋ ಕೆರಿಗೆ. ಅಲ್ಲಿ ಸೋನಾರ್ ಪರದೆ ಮ್ಯಾಲ ಕಾಣೂದು ಬರೇ ಕಳೆ. ಮತ್ತ ಕೊರವ ಗಾಳಿ ಕುಡಿಯೋ ಮೀನು, ಕಿವಿರು ಒಂದ ಸಾಲಂಗಿಲ್ಲ ಅದಕ್ಕ, ತಲಿಯೊಳಗ ಉಸಿರಾಟದ ಬ್ಯಾರೆ ಅಂಗ ಐತಿ, ಹಂಗಾಗಿ ಆಗಾಗ ಮ್ಯಾಲ ಬಂದು ಗುಳಕ್ ಅಂತ ಗಾಳಿ ತಗೊಂಡು ಕೆಳಗ ಹೋಗ್ತೈತಿ. ಹತ್ತು ಹದಿನೈದು ನಿಮಿಷ ಸುಮ್ನ ನಿಂತು ನೀರು ನೋಡಿದ್ರ ಅದರ ಜಾಗಾ ಅದ ಹೇಳ್ತೈತಿ.

ಇನ್ನ ಬಾಸ್ ಸಾಮಾನಿನ ಮಾತು. ಬಾಸ್ ಅಂದ್ರ ಉತ್ತರ ಅಮೆರಿಕಾದ ಮೀನು, ನಮ್ಮ ಕೆರ್ಯಾಗ ಅದಿಲ್ಲ. ಆದ್ರ ಅದರ ಬುದ್ಧಿ ಕೊರವನ ಬುದ್ಧಿ ಭಾಳ ಹತ್ರ, ಎರಡೂ ಕಳೆಯಾಗ ಅಡಗಿ ಕುಂತು ಮ್ಯಾಲ ಹಾದುಹೋಗೋ ಕಪ್ಪಿ, ಸಣ್ಣ ಮೀನಿನ ಮ್ಯಾಲ ಒಮ್ಮೆಲೆ ಬೀಳ್ತಾವ. ಅದಕ್ಕ ಬಾಸ್‌ಗೆ ಅಂತ ಮಾಡಿದ ರಾಡು, ಕಪ್ಪಿ, ಸ್ಪಿನ್ನರ್‌ಬೈಟ್ (ತಿರುಗೋ ತಗಡಿನ ಎಲಿ ಇರೋ ಗಾಳ) ಎಲ್ಲಾ ಇಲ್ಲಿ ನಡೀತಾವ. ವ್ಯತ್ಯಾಸ ಎಲ್ಲೈತಿ ಅಂದ್ರ, ಕೊರವನ ಬಾಯಿ ಎಲುಬಿನಂಗ ಗಟ್ಟಿ, ಹಲ್ಲು ಚೂಪು, ಮತ್ತ ಗಾಳ ಬಿದ್ದ ಕೂಡ್ಲೆ ಅದು ಬುಡಕ್ಕ ನುಗ್ಗಿ ಆಪಿನ ಬೇರಿಗೆ ಸುತ್ತಿಕೊಳ್ತೈತಿ. ಬಾಸ್ ಸಾಮಾನಿನಾಗ ಹಗೂರದ್ದು ಬ್ಯಾಡ, ಗಡಸಿಂದು ನೋಡು ಅಂತ ಹೇಳೂದು ಇದಕ್ಕ.

ನಿನ್ನ ಮೂರು ಮೀನು ಹೋಗಿದ್ದು ರೀಲಿನಿಂದ ಅಲ್ಲ, ದಾರದಿಂದ. ನೈಲಾನ್ ರಬ್ಬರಿನಂಗ ಹಿಗ್ಗತೈತಿ, ನೀ 20 ಮೀಟರ್ ದೂರದಿಂದ ಜಗ್ಗಿದ ಜೋರು ಗಾಳದ ಮೊನಿಗೆ ಮುಟ್ಟೂದ್ರಾಗ ಅರ್ಧ ಆಗಿರ್ತೈತಿ, ಆ ಗಟ್ಟಿ ಬಾಯಾಗ ಮೊನಿ ಇಳಿಯಂಗಿಲ್ಲ. ಬ್ರೇಡ್ ದಾರ, ಅಂದ್ರ ಎಳಿ ಹೆಣದಿದ್ದು, ಹಿಗ್ಗಂಗಿಲ್ಲ, ಅಷ್ಟ ದಪ್ಪದ್ದು ತಗೊಂಡ್ರೂ ನೈಲಾನಿನ ಎರಡು ಪಟ್ಟು ತಡೀತೈತಿ. 40 ಪೌಂಡಿನ ಬ್ರೇಡ್ ಹಾಕು, ಅಂದ್ರ 18 ಕೆಜಿ ಹತ್ರ. ಸ್ಪೂಲಿಗೆ, ಅಂದ್ರ ದಾರ ಸುತ್ತೋ ಉರುಳಿಗೆ, ಬ್ರೇಡ್ ನೇರ ಸುತ್ತಬ್ಯಾಡ, ಜಾರಿ ಪೂರ್ತಿ ಸುತ್ತು ತಿರುಗ್ತೈತಿ, ಆವಾಗ ನಿನಗ ಡ್ರ್ಯಾಗ್ (ಮೀನು ಜೋರಾಗಿ ಜಗ್ಗಿದ್ರ ದಾರ ಬಿಡೋ ರೀಲಿನ ಬ್ರೇಕ್) ಕೆಟ್ಟೈತಿ ಅನಸ್ತೈತಿ. ಮೊದಲು ಹತ್ತು ಹನ್ನೆರಡು ಸುತ್ತು ಇದ್ದ ನೈಲಾನ್ ಹಾಕಿ ಅದರ ಮ್ಯಾಲ ಬ್ರೇಡ್ ಕಟ್ಟು. ತುದಿಗೆ ಎರಡು ಫೂಟ್ 40 ಪೌಂಡ್ ಫ್ಲೋರೋಕಾರ್ಬನ್ ಲೀಡರ್, ಹಲ್ಲಿಗೆ ತಡಿಲಿ ಅಂತ. ಗಂಟು ಬಿಗಿಯೂ ಮುಂದ ಉಗುಳಿಲೆ ತೋಯ್ಸು, ಒಣ ಗಂಟು ಬಿಗಿದ್ರ ಬಿಸಿ ಆಗಿ ದಾರ ಅಲ್ಲೇ ಸಾಯ್ತೈತಿ.

ದಾರ ಆದಮ್ಯಾಲ ರಾಡು. 6 ಫೂಟ್ 6 ಇಂಚು ಅಥವಾ 7 ಫೂಟ್, ಕಾರ್ಬನ್, ಮೀಡಿಯಂ ಹೆವಿ (ಗಡಸಿಂದು), ಫಾಸ್ಟ್ ಆ್ಯಕ್ಷನ್ (ತುದಿ ಕಡೆ ಅಷ್ಟ ಬಾಗೋದು), ಎರಡು ತುಂಡಿನದು. ಟೆಲಿಸ್ಕೋಪಿಕ್ ಬ್ಯಾಡ್ವೇ ಬ್ಯಾಡ. ಅಂಗಡ್ಯಾಗ ನಿಂತು ಒಂದು ಕೆಲಸ ಮಾಡು, ಸಣ್ಣ ಹತ್ತಿ ಉಂಡಿ ತಗೊಂಡು ಪ್ರತಿಯೊಂದು ರಿಂಗಿನಾಗ ಒರಸು, ಎಲ್ಲೆರೆ ಎಳಿ ಸಿಕ್ಕೊಂಡ್ರ ಆ ರಿಂಗ್ ಒಡದೈತಿ ಅಂತ ಅರ್ಥ, ಆ ರಾಡ್ ಮುಟ್ಟಬ್ಯಾಡ. ನಾ ಹಿಂದ ಒಂದ್ಸಲ ಸೋವಿ ಸಿಕ್ತು ಅಂತ ಆನ್‌ಲೈನ್‌ನಾಗ ಒಂದು ಕಾಂಬೋ ತರಿಸಿದ್ದೆ, ತುದಿ ರಿಂಗಿನಾಗ ಕೂದಲೆಳಿಯಷ್ಟು ಸೀಳು ಇತ್ತು, ಕಣ್ಣಿಗೆ ಕಾಣಲಿಲ್ಲ, ಎರಡು ವಾರದಾಗ ಹೊಸಾ ಬ್ರೇಡ್ ನಾಕು ಕಡೆ ಹರೀತು, ನಾ ದಾರಾನ ಬೈಕೋತ ಕುಂತಿದ್ದೆ.

ಮತ್ತ ಕಪ್ಪಿ ಮ್ಯಾಲ ಮೀನು ಬಿದ್ದ ಸಪ್ಪಳಕ್ಕ ಜಗ್ಗಬ್ಯಾಡ. ಸಪ್ಪಳ ಕಣ್ಣು ಕಿವಿಗೆ, ತೂಕ ಕೈಗೆ. ಕೈಗೆ ತೂಕ ಬರೂತನಕ ಒಂದು ಎರಡು ಎಣಿಸು, ದಾರದ ಸಡಿಲು ಸುತ್ತು, ಆಮ್ಯಾಲ ಎರಡೂ ಕೈಲೆ ಎತ್ತಿ ಹೊಡಿ, ಮೀನಿನ ತಲಿ ಮ್ಯಾಲ ಮಾಡಿಸಿಕೊಂಡು ಕಳೆ ಮ್ಯಾಲಿಂದ ಜಾರಿಸ್ಕೊಂಡು ಬಾ. ಡ್ರ್ಯಾಗ್ 5 ಕೆಜಿ ಹತ್ರ ಬಿಗಿ, ಸಾಮಾನು ತೂಗೋ ಸಣ್ಣ ಕೊಕ್ಕಿ ತಕ್ಕಡಿ ಕಟ್ಟಿ ನೋಡಿದ್ರ ತಿಳೀತೈತಿ. ರೀಲ್ ಈಗಿಂದ ಗಟ್ಟಿ ಇದ್ರ ಈ ವರ್ಷ ಅದ ನಡೀಲಿ, ಇಲ್ಲಾಂದ್ರ 3000 ಸೈಜಿನ ಸ್ಪಿನ್ನಿಂಗ್ ರೀಲ್ ತಗೋ. ಬೇಟ್‌ಕಾಸ್ಟರ್ ಬಗ್ಗೆ ಕೆಳಗ ಇನ್ನೊಬ್ರು ಕೇಳ್ಯಾರ, ಓದು.

ಈಗ ದೋಣಿ. ಇದ್ರ ಬಗ್ಗೆ ನಂಗ ಕಾಳಜಿ ಜಾಸ್ತಿ, ಅದಕ್ಕ ಸಾವಕಾಶ ಓದು. ಎಫ್‌ಆರ್‌ಪಿ ತಾನಾಗಿ ತೇಲೋ ವಸ್ತು ಅಲ್ಲ, ನೀರು ತುಂಬಿದ್ರ ಕಲ್ಲಿನಂಗ ಮುಳುಗ್ತೈತಿ. ಅದನ್ನ ತೇಲಿಸೂದು ಸೀಟಿನ ಕೆಳಗಿನ ಗಾಳಿ ಡಬ್ಬಿ ಇಲ್ಲಾ ಫೋಮ್. ದೋಣಿ ತಗೊಳ್ಳೂ ಮುಂದ ಟೊಂಕಮಟ ನೀರಿಗೆ ಒಯ್ದು, ಬಕೀಟ್‌ಲೆ ನೀರು ಹಾಕಿ ಪೂರ್ತಿ ತುಂಬಿಸು, ಇಬ್ರು ಅಂಚು ಹಿಡ್ಕೊಂಡ್ರೂ ಮುಳುಗದ ಇರಬೇಕು. ಮುಳುಗಿತಂದ್ರ ಫೋಮ್ ಹಾಕಿಸದ ನೀರಿಗಿಳಿಸಬ್ಯಾಡ. ಥರ್ಮೊಕೋಲ್ ಇಟ್ಟು ಮ್ಯಾಲ ರೆಸಿನ್ ಹೊಡಿತೀನಿ ಅಂದ್ರ ಕೇಳಬ್ಯಾಡ, ಪಾಲಿಯೆಸ್ಟರ್ ರೆಸಿನ್ ತಾಗಿದ್ರ ಥರ್ಮೊಕೋಲ್ ಕರಗಿ ಹೋಗ್ತೈತಿ, ಒಳಗ ಬರೇ ಪೊಳ್ಳು ಉಳೀತೈತಿ. ಪಿಯು (ಪಾಲಿಯುರೆಥೇನ್) ಫೋಮ್ ಆಗಬೇಕು. ಆಮ್ಯಾಲ ಒಂದು ನಾಣ್ಯ ತಗೊಂಡು ತಳಾ ಪೂರ್ತಿ ಬಡದು ಕೇಳು, ಟಣ್ ಅನ್ನೂದು ಬಿಟ್ಟು ಡಬ್ ಅಂದಲ್ಲಿ ಪದರ ಬಿಟ್ಟೈತಿ. ಮೋಟಾರ್ ಕೂಡಿಸೋ ಹಿಂದಿನ ಹಲಗಿ ಒಳಗ ಪ್ಲೈವುಡ್ ಇರ್ತೈತಿ, ಅದು ನೀರು ಕುಡ್ದು ಕೊಳತಿದ್ರ ಒತ್ತಿದ್ರ ಮೆತ್ತಗ ಆಗ್ತೈತಿ, ಅಂಥಾದಕ್ಕ ಮೋಟಾರ್ ಕಟ್ಟಬ್ಯಾಡ.

ಮೋಟಾರ್ ಎಷ್ಟು ಬೇಕು ಅಂದ್ರ ಲೆಕ್ಕ ಸರಳ ಐತಿ, ಒಟ್ಟು ತೂಕದ ಪ್ರತಿ 100 ಪೌಂಡಿಗೆ ಕಡಿಮಿ ಅಂದ್ರ 2 ಪೌಂಡ್ ಥ್ರಸ್ಟ್, ಅಂದ್ರ ದೋಣಿ ನೂಕೋ ಜೋರು. ದೋಣಿ 90 ಕೆಜಿ ಹಿಡಿ, ನೀವಿಬ್ರು 140, ಬ್ಯಾಟರಿ 30, ಇತರೆ 20, ಒಟ್ಟು 280 ಕೆಜಿ, ಅಂದ್ರ 620 ಪೌಂಡ್ ಹತ್ರ, 13 ಪೌಂಡ್ ಥ್ರಸ್ಟ್ ಸಾಕಾತು. ಮಧ್ಯಾಹ್ನದ ಬಯಲು ಗಾಳಿಗೆ ಎದುರು ಬರಬೇಕಲ್ಲ, ಅದಕ್ಕ 30ರಿಂದ 40ರೊಳಗಿಂದು ತಗೋ. 55 ತಗೊಂಡ್ರ ಬ್ಯಾಟರಿ ಜಲ್ದಿ ಖಾಲಿ, ಅಷ್ಟ.

ಬ್ಯಾಟರಿ ಕಾರಿಂದು ಹಾಕಬ್ಯಾಡ. ಕಾರಿನ ಬ್ಯಾಟರಿ ಒಂದು ಕ್ಷಣ ಜೋರಾಗಿ ಕರೆಂಟ್ ಕೊಟ್ಟು ಸ್ಟಾರ್ಟ್ ಮಾಡಾಕ ಮಾಡಿದ್ದು, ಪ್ಲೇಟ್ ತೆಳ್ಳಗ, ನಾಕು ಸಲ ಪೂರ್ತಿ ಇಳಿಸಿದ್ರ ಸತ್ತಹೋಗ್ತೈತಿ. ಡೀಪ್ ಸೈಕಲ್ ಬೇಕು, ಅದು ತಾಸುಗಟ್ಟಲೆ ಸಾವಕಾಶ ಕರೆಂಟ್ ಕೊಡಾಕ ಮಾಡಿದ್ದು. 100 ಎಎಚ್ (ಆಂಪಿಯರ್-ತಾಸು) ಲೆಡ್ ಬ್ಯಾಟರಿಯಾಗ ನೀ ಬಳಸೂದು 50 ಅಂತ ಹಿಡ್ಕೊ. 30 ಪೌಂಡಿನ ಮೋಟಾರ್ ಫುಲ್ ಸ್ಪೀಡಿನಾಗ 30 ಆಂಪಿಯರ್ ಹತ್ರ ಎಳೀತೈತಿ, ಒಂದೂವರೆ ತಾಸಿಗೆ ಮುಗೀತು, ಹಗೂರ ಹೋದ್ರ ಮೂರು ನಾಕು ತಾಸು ಬರ್ತೈತಿ. ಲಿಥಿಯಂ ಫಾಸ್ಫೇಟ್ ಬ್ಯಾಟರಿ ಇಷ್ಟ ಎಎಚ್‌ಗೆ ತೂಕ ಅರ್ಧಕ್ಕಿಂತ ಕಡಿಮಿ, ಆದ್ರ ರೊಕ್ಕ ಜಾಸ್ತಿ, ಚಾರ್ಜರ್ ಬ್ಯಾರೆ ಬೇಕು, ನಿನ್ನ 40 ಸಾವಿರದಾಗ ಈಗ ಬ್ಯಾಡ. ವೈರ್ 16 ಸ್ಕ್ವೇರ್ ಎಂಎಂ ತಾಮ್ರದ್ದು, ಪಾಸಿಟಿವ್ ಮ್ಯಾಲ ಬ್ಯಾಟರಿ ಪಕ್ಕನ 50 ಆಂಪಿಯರ್ ಬ್ರೇಕರ್, ಬ್ಯಾಟರಿಗೆ ಮುಚ್ಚಳ ಇರೋ ಡಬ್ಬಿ, ಅದಕ್ಕ ಪಟ್ಟಿ ಬಿಗಿ. ನನ್ನ ಗೆಳೆಯಾ ಒಬ್ಬ ಚಾರ್ಜಿಂಗ್ ಕ್ಲಿಪ್ ಸಿಗಿಸಿ ಮೋಟಾರ್ ಓಡಸ್ತಿದ್ದ, ನಡು ಕೆರ್ಯಾಗ ಕ್ಲಿಪ್ ಸಡ್ಲಾಗಿ ಬಿಸಿ ಆಗಿ ವೈರಿನ ಮ್ಯಾಲಿನ ಪ್ಲಾಸ್ಟಿಕ್ ಕರಗಾಕ ಹತ್ತಿತ್ತು, ನಾವಿಬ್ರೂ ಹುಟ್ಟು ಹಾಕ್ಕೋತ ದಂಡಿಗೆ ಬಂದ್ವಿ. ವೈರಿನ ತುದಿಗೆ ನಟ್ ಬಿಗಿಯೋ ಲಗ್ಗು (ತೂತಿರೋ ತಾಮ್ರದ ತುದಿ) ಹಾಕಿಸು. ಹುಬ್ಬಳ್ಳಿ ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನ ಕಡೆ ಬಂದಾಗ ಯಾವುದರೆ ವೈಂಡಿಂಗ್ ಅಂಗಡ್ಯಾಗ ಕ್ರಿಂಪ್ ಮಾಡಿಸ್ಕೋ.

ಮೋಟಾರ್ ಇದ್ರೂ ಒಂದು ಬಿದಿರಿನ ಗಳ, ಒಂದು ಹುಟ್ಟು ದೋಣ್ಯಾಗ ಇರಲೇಬೇಕು, ಕಳೆ ಫ್ಯಾನಿಗೆ ಸುತ್ತಿದ್ರ ಗಳಾನ ಗತಿ. ಮೋಟಾರ್, ನೀನು ಹಿಂದ, ಬ್ಯಾಟರಿ ಮುಂದ ಇಡು, ತೂಕ ಸಮ ಆಗ್ತೈತಿ. ವಿಡಿಯೋದಾಗ ನೋಡಿದಂಗ ಎತ್ತರದ ಕಟ್ಟಿ ಕಟ್ಟಿಸಿ ಮ್ಯಾಲ ನಿಂತು ಗಾಳ ಹಾಕೂದು ಅಷ್ಟು ಸಣ್ಣ ದೋಣಿಗೆ ಬ್ಯಾಡ, ಒಂದು ಗೇಣು ಎತ್ತರ ಹೋದ್ರೂ ಓಲಾಟ ಭಾಳ ಆಗ್ತೈತಿ. ಕುಂತ ಹಾಕು. ತಳಕ್ಕ ರಬ್ಬರ್ ಮ್ಯಾಟ್ ಹಾಸು, ಚಪ್ಪಲಿ ಸಪ್ಪಳ ಮೀನಿಗೆ ಮುಟ್ಟಂಗಿಲ್ಲ. ಲಂಗರಕ್ಕ ಉಸುಕು ತುಂಬಿದ ಚೀಲ ಸಾಕು, ಹಗ್ಗ ಮಾತ್ರ ದೋಣಿ ಮೂತಿಗೇ ಕಟ್ಟು, ಹಿಂದ ಕಟ್ಟಿದ್ರ ಗಾಳಿ ತೆರಿ ಹಿಂದಿಂದ ಒಳಗ ನುಗ್ಗತೈತಿ. ಎರಡು ಲೈಫ್ ಜಾಕೆಟ್ ರೊಕ್ಕ ಇವತ್ತ ಬ್ಯಾರೆ ತಗದಿಡು. ಕೆರಿ ಗುತ್ತಿಗಿ ಯಾರ ಹೆಸರಿಗೈತಿ ಅಂತ ಪಂಚಾಯ್ತಿ ಇಲ್ಲಾ ಮೀನುಗಾರಿಕೆ ಇಲಾಖೆ ಆಫೀಸಿನಾಗ ಕೇಳಿ, ಅವರ ಒಪ್ಪಿಗಿ ತಗೊಂಡ ಇಳಿ. ಅಲ್ಲಿ ಮರಿ ಬಿಟ್ಟು ಸಾಕಿದವರ ಹೊಟ್ಟಿಪಾಡು ಅದು.

ಪ್ರಶ್ನೆ: ಬೇಟ್‌ಕಾಸ್ಟರ್ ರೀಲ್ ತಗೊಂಡೆ, ಪ್ರತಿ ಸಲ ಎಸೆದಾಗ ದಾರ ಗುಬ್ಬಿ ಗೂಡಿನಂಗ ಆಗ್ತೈತಿ. ಮಾರಿಬಿಡ್ಲೇನ್ರಿ? (ಧಾರವಾಡದ ವಿದ್ಯಾರ್ಥಿ)

ಉತ್ತರ: ಮಾರಬ್ಯಾಡ್ರಿ. ಕಪ್ಪಿ ಮುಂದ ಹೋಗೋ ಜೋರಿಗಿಂತ ಸ್ಪೂಲ್ ತಿರುಗೋ ಜೋರು ಜಾಸ್ತಿ ಆದಾಗ ಗೂಡಾಗ್ತೈತಿ, ಬ್ಯಾರೆ ಕಾರಣ ಇಲ್ಲ. ಹ್ಯಾಂಡಲ್ ಪಕ್ಕದ ಸಣ್ಣ ಗುಂಡಿ ಬಿಗಿ ಮಾಡ್ಕೋತ ಹೋಗ್ರಿ, ಬಟನ್ ಒತ್ತಿದಾಗ ಕಪ್ಪಿ ಸಾವಕಾಶ ಇಳದು ನೆಲಾ ಮುಟ್ಟಿದ ಕೂಡ್ಲೆ ಸ್ಪೂಲ್ ನಿಲ್ಲಬೇಕು. ಇನ್ನೊಂದು ಕಡೆ ಇರೋ ಬ್ರೇಕ್ ಪೂರ್ತಿ ಹಾಕಿ ಶುರು ಮಾಡ್ರಿ, ವಾರಕ್ಕ ಒಂದು ನಂಬರ್ ಇಳಿಸ್ಕೋತ ಬರ್ರಿ. ಕಪ್ಪಿ ನೀರು ಮುಟ್ಟೂದಕ್ಕಿಂತ ಚೂರು ಮೊದಲ ಹೆಬ್ಬೆರಳು ಸ್ಪೂಲಿನ ಮ್ಯಾಲ ಒತ್ತಬೇಕು, ಇದು ಕೈಗೆ ಬರಾಕ ಒಂದು ತಿಂಗಳ ಬೇಕು, ಮೈದಾನದಾಗ ಗಾಳ ಇಲ್ಲದ ಬರೇ ತೂಕ ಕಟ್ಟಿ ಎಸೀರಿ. 5 ಗ್ರಾಂ, 7 ಗ್ರಾಂ ಹಗೂರದ್ದು ಎಸಿಯೋದಿದ್ರ ಸ್ಪಿನ್ನಿಂಗ್ ರೀಲ ಚಲೋ, 12 ಗ್ರಾಂ ಮ್ಯಾಲಿಂದಕ್ಕ ಇದು.

ಪ್ರಶ್ನೆ: ನಮ್ಮನಿಯವರು 7 ವರ್ಷದ ಮಗನ್ನ ಹರಿಗೋಲದಾಗ ಕೂಡಿಸ್ಕೊಂಡು ತುಂಗಭದ್ರಾ ಹೊಳ್ಯಾಗ ಗಾಳ ಹಾಕಾಕ ಹೋಗ್ತಾರ್ರಿ. ಲೈಫ್ ಜಾಕೆಟ್ ಹಾಕ್ರಿ ಅಂದ್ರ ನಂಗ ಈಜು ಬರ್ತೈತಿ ಅಂತಾರ. (ರಾಣೆಬೆನ್ನೂರು ತಾಲೂಕಿನ ಗೃಹಿಣಿ)

ಉತ್ತರ: ಅಕ್ಕಾರ, ಈ ಉತ್ತರ ಅವರಿಗೆ ಓದಿ ಹೇಳ್ರಿ. ಅಂಬಿಗರ ಚೌಡಯ್ಯನವರ ಚೌಡಯ್ಯದಾನಪುರ ನಿಮ್ಮ ತಾಲೂಕಿನಾಗ ಐತಿ, ಆ ದಂಡಿಯ ಅಂಬಿಗರು ತಲಿಮಾರಿನಿಂದ ಹರಿಗೋಲು ನಡಸ್ತಾರ, ಅವರ್ನ ಕೇಳ್ರಿ, ಹೊಳಿ ಬಣ್ಣ ಕೆಂಪಾದ್ರ ಅವರ ಇಳಿಯಂಗಿಲ್ಲ. ಹರಿಗೋಲಕ್ಕ ಮೂತಿ ಇಲ್ಲ, ಬೆನ್ನು ಇಲ್ಲ, ಒಬ್ಬ ಎದ್ದು ಒಂದು ಕಡೆ ವಾಲಿ ಮೀನು ಎತ್ತಿದ್ರ ಸಾಕು. ಮಳೆಗಾಲದಾಗ ಗಾಜನೂರಿನ ತುಂಗಾ ಡ್ಯಾಮ್ ತುಂಬಿ ಗೇಟ್ ತಗದ್ರ ಇಲ್ಲಿ ಒಂದು ಹನಿ ಮಳಿ ಇಲ್ಲದಿದ್ರೂ ನೀರು ಏರ್ತೈತಿ. ಈಜು ಬರೂ ಮನುಷ್ಯಾನ ತಲಿಗೆ ಹುಟ್ಟು ಬಡದು ಎಚ್ಚರ ತಪ್ಪಿದ್ರ ಈಜು ಎಲ್ಲಿಂದ ಬರಬೇಕ್ರಿ? ಮತ್ತ ಒಂದು ಕೈಲೆ ಮಗನ್ನ ಹಿಡ್ಕೊಂಡು ಸೆಳವಿನಾಗ ಈಜೂದು ಆಗೂ ಮಾತಲ್ಲ. ಹುಡುಗನ ಜಾಕೆಟ್ ವಯಸ್ಸಿನ ಮ್ಯಾಲಲ್ಲ, ತೂಕದ ಮ್ಯಾಲ ತಗೋರಿ, ಅದರ ಮ್ಯಾಲ ಎಷ್ಟು ಕೆಜಿಗೆ ಅಂತ ಬರದಿರ್ತೈತಿ. ತೊಡಿ ನಡು ಬರೋ ಪಟ್ಟಿ ಇರಲೇಬೇಕು. ತೊಡಿಸಿ ಭುಜದ ಹತ್ರ ಹಿಡದು ಮ್ಯಾಲ ಎತ್ತರಿ, ಜಾಕೆಟ್ ಕಿವಿಮಟ ಬಂತಂದ್ರ ದೊಡ್ಡದಾತು, ವಾಪಸ್ ಕೊಡ್ರಿ. ದೊಡ್ಡದು ತಗೊಂಡ್ರ ಮುಂದಿನ ವರ್ಷಕ್ಕೂ ಆಗ್ತೈತಿ ಅನ್ನೋ ಲೆಕ್ಕ ಅಂಗೀಗೆ ಇರಲಿ.

ಪ್ರಶ್ನೆ: ಬಾಸ್ ಮರಿ ಎಲ್ಲಿಂದಾದ್ರೂ ತರಿಸಿ ನಮ್ಮೂರ ಕೆರಿಗೆ ಬಿಟ್ರ ಹೆಂಗ್ರಿ? (ಹುಬ್ಬಳ್ಳಿ ಓದುಗರು)

ಉತ್ತರ: ಆ ವಿಚಾರ ಇಲ್ಲಿಗೇ ಬಿಡ್ರಿ. ಜಪಾನಿನಾಗ 1925ರಾಗ ಆಶಿ ಸರೋವರಕ್ಕ ಬಾಸ್ ಬಿಟ್ರು, ಅಲ್ಲಿಂದ ದೇಶ ತುಂಬ ಹರಡಿ ಅಲ್ಲಿನ ಮೂಲ ಮೀನುಗಳನ್ನ ತಿಂದು ಹಾಕ್ತು. 2009ರಾಗ ಬಿವಾ ಸರೋವರದಾಗ ಸಿಕ್ಕ 10 ಕೆಜಿ ದಾಟಿದ ಬಾಸ್ 1932ರ ಅಮೆರಿಕಾದ ದಾಖಲೆಗೆ ಸಮ ಆತು, ಆದ್ರ ಅಷ್ಟೊತ್ತಿಗೆ ಅದ ಜಪಾನ್ 2005ರಿಂದ ಬಾಸ್ ಸಾಕೂದು, ಜೀವಂತ ಒಯ್ಯೂದು, ಬಿಡೂದು ಕಾನೂನಿನಿಂದ ಬಂದ್ ಮಾಡಿತ್ತು. ನಮ್ಮಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್ ಸಾಕೂದು ನಿಷೇಧ ಐತಿ, ಆದ್ರೂ ಎಷ್ಟು ಕೆರಿ ಸೇರೈತಿ ನೋಡ್ರಿ. ಕೊರವಕ್ಕಿಂತ ಚಂದ ಹೋರಾಡೋ ಮೀನು ನಮಗ ಬೇಕಾಗಿಲ್ಲ.

ಪ್ರಶ್ನೆ: ಮಾಗಡಿ ಕೆರ್ಯಾಗ ದೋಣಿ ಇಳಿಸಬಹುದೇನ್ರಿ? ಮತ್ತ ಮಳೆಗಾಲದಾಗ ಕೊರವ ಚಲೋ ಸಿಗ್ತಾವಂತ, ನಿಜಾನಾ? (ಗದಗ ಓದುಗರು)

ಉತ್ತರ: ಮಾಗಡಿ ಕೆರಿ ಬ್ಯಾಡ. ಅದು ಪಕ್ಷಿಗಳ ಸಂರಕ್ಷಿತ ಜಾಗಾ, 2024ರಾಗ ಜಗತ್ತಿನ ಮಹತ್ವದ ಜೌಗು ಜಾಗಾಗಳ ರಾಮ್‌ಸಾರ್ ಪಟ್ಟಿಗೆ ಸೇರೈತಿ, ಚಳಿಗಾಲಕ್ಕ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಬಂದು ಅಲ್ಲಿ ಇಳೀತಾವ. ದುರ್ಬೀನು ತಗೊಂಡು ಹೋಗ್ರಿ, ಗಾಳ ಮನ್ಯಾಗ ಇರಲಿ.

ಮಳೆಗಾಲದ ಮಾತು ನಿಜ, ಸಿಟ್ಟಿಲೆ ಬಂದು ಬೀಳ್ತಾವ, ಯಾಕಂದ್ರ ಆವಾಗ ಅವು ಮರಿ ಕಾಯ್ತಿರ್ತಾವ. ನೀರಿನ ಮ್ಯಾಲ ಕುಂಕುಮ ಚೆಲ್ಲಿದಂಗ ಕೆಂಪು ಮರಿಗಳ ಗುಂಪು ಕುದೀತಿದ್ರ ಅದರ ಕೆಳಗ ತಾಯಿ ತಂದಿ ಎರಡೂ ಇರ್ತಾವ, ಕಪ್ಪಿ ಹಾಕಿದ್ರ ಹಸಿವಿಗಲ್ಲ, ಮರಿ ಉಳಸಾಕ ಹೊಡೀತಾವ. ಅವನ್ನ ಎತ್ತಿದ್ರ ಹತ್ತು ನಿಮಿಷದಾಗ ಬ್ಯಾರೆ ಮೀನು ಬಂದು ಆ ಸಾವಿರಾರು ಮರಿ ನುಂಗಿ ಹಾಕ್ತಾವ. ಆ ಕೆಂಪು ಗುಂಪು ಕಂಡಲ್ಲಿ ದಾರ ಸುತ್ತಿಕೊಂಡು ದೋಣಿ ತಿರುಗಸ್ರಿ. ಗೊತ್ತಿಲ್ಲದ ಹಿಡದಿದ್ರೂ ಕೈ ತೋಯ್ಸ್ಕೊಂಡು, ಗಾಳ ತಗದು, ಹಿಡದ ಜಾಗಾದಾಗ ಬಿಡ್ರಿ. ಗಾಳದ ಒಳಮುಳ್ಳು ಮೊದಲ ಇಕ್ಕಳದ್ಲೆ ಒತ್ತಿ ಮಡಚಿಟ್ಟಿದ್ರ ತಗಿಯಾಕ ಅರ್ಧ ನಿಮಿಷ ಸಾಕು.