ಅಪ್ಪನ ಕಾಯಿಲೆ ಮಗನಿಗೂ ಬಂತೇ?

ಪ್ರಶ್ನೆ: ತಮ್ಮನಿಗೆ 22 ವರ್ಷ, ಗಂಗಾವತಿಯ ರೈಸ್ ಮಿಲ್ಲಿನಲ್ಲಿ ರಾತ್ರಿ ಪಾಳಿ. ಗೆಳೆಯರ ಜೊತೆ ಗಾಂಜಾ ಸೇದುತ್ತಾನೆ. ಎರಡು ತಿಂಗಳಿಂದ ನಿದ್ದೆಯಿಲ್ಲ, ಒಬ್ಬನೇ ಮಾತಾಡುತ್ತಾನೆ, ಪಲ್ಯದಲ್ಲಿ ಏನೋ ಬೆರೆಸಿದ್ದೀರಿ ಎಂದು ತಟ್ಟೆ ಸರಿಸುತ್ತಾನೆ. ಅಪ್ಪನಿಗೆ ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಇತ್ತು. ಅವ್ವ ಗಾಳಿ ಸೋಕಿದೆ ಎನ್ನುತ್ತಾಳೆ. ಸೋದರಮಾವನ ಮಗಳನ್ನು ತಂದುಕೊಂಡರೆ ಸರಿಹೋಗುತ್ತಾನೆಂದು ಹಿರಿಯರ ಮಾತು. ಇದು ರಕ್ತದಲ್ಲೇ ಬಂದದ್ದೇ?
– ಓದುಗರು, ಕೊಪ್ಪಳ ಜಿಲ್ಲೆ

ಉತ್ತರ: ನೋಡದೆ ಕಾಯಿಲೆಗೆ ಹೆಸರಿಡಲಾಗದು. ಆದರೆ ತೋರಿಸುವುದನ್ನು ಈ ವಾರ ದಾಟಿಸಬೇಡಿ.

ಸ್ಕಿಜೋಫ್ರೇನಿಯಾ ಸಾಮಾನ್ಯವಾಗಿ 100 ಜನರಲ್ಲಿ ಸುಮಾರು ಒಬ್ಬರಿಗೆ ಬರುತ್ತದೆ. ಅಪ್ಪನಿಗೋ ಅವ್ವನಿಗೋ ಇದ್ದರೆ ಮಕ್ಕಳಲ್ಲಿ 100ಕ್ಕೆ ಸುಮಾರು 10. ಉಳಿದ 90 ಮಂದಿಗೆ ಬರುವುದಿಲ್ಲ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಬಂದರೂ ಇನ್ನೊಬ್ಬರಿಗೆ ಬರುವ ಸಾಧ್ಯತೆ ಅರ್ಧದಷ್ಟು, ಇಲ್ಲವೇ ಅದಕ್ಕೂ ಕಡಿಮೆ. ಇದು ಯಾವುದೋ ಒಂದು ಜೀನಿನ ಕೆಲಸವಲ್ಲ, ನೂರಾರು ಜೀನುಗಳ ಸಣ್ಣಸಣ್ಣ ಪಾಲು ಸೇರುತ್ತದೆ. ಅಂಥ ಮೈಗೆ ಹದಿಹರೆಯದ ಗಾಂಜಾ, ನಿದ್ದೆಗೆಟ್ಟ ರಾತ್ರಿಗಳು ಬಿದ್ದರೆ ಕಾಯಿಲೆ ಏಳುವ ಸಂಭವ ಹೆಚ್ಚು.

ಸಂಶಯ ಯಾವ ರೂಪ ತಳೆಯುತ್ತದೆ, ಮನೆಯವರು ಮೊದಲು ಯಾರ ಬಾಗಿಲಿಗೆ ಹೋಗುತ್ತಾರೆ ಎಂಬುದನ್ನು ಸಂಸ್ಕೃತಿ ತಿದ್ದುತ್ತದೆ. ಅವ್ವ ಹುಲಿಗೆಮ್ಮನಿಗೆ ಹರಕೆ ಹೊರಲಿ, ಅದರಿಂದ ಕೆಡುಕಿಲ್ಲ. ಕೆಡುವುದು ಚಿಕಿತ್ಸೆ ತಡವಾದಾಗ. ಕಟ್ಟಿಹಾಕುವುದು, ಹೊಡೆಯುವುದು, ಉಪವಾಸ ಕೆಡವುವುದು ಮಾತ್ರ ಬೇಡವೇ ಬೇಡ.

ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಹೋಗುವಾಗ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ನಿದ್ದೆ ಕೆಟ್ಟದ್ದು ಯಾವಾಗ, ಕೊನೆಗೆ ಗಾಂಜಾ ಸೇದಿದ್ದು ಎಂದು, ಜ್ವರ, ಫಿಟ್ಸ್, ತಲೆಪೆಟ್ಟು ಆಗಿತ್ತೇ, ಅಪ್ಪನಿಗೆ ಹಿಡಿಸಿದ ಮಾತ್ರೆ ಯಾವುದು. ಅವನು ಬರಲು ಒಪ್ಪದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ನೀವೇ ಫೋನ್ ಮಾಡಿ. ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮಾತ್ರೆಯನ್ನು ಊಟದಲ್ಲಿ ಕದ್ದು ಬೆರೆಸಬೇಡಿ. ಒಮ್ಮೆ ಕಂಡುಬಿಟ್ಟರೆ ಅವನ ಸಂಶಯ ನಿಜವಾಗುತ್ತದೆ, ಮತ್ತೆ ನಿಮ್ಮ ಕೈಯ ನೀರನ್ನೂ ಮುಟ್ಟುವುದಿಲ್ಲ. ಒಂದೇ ಪಾತ್ರೆಯಿಂದ ಅವನೇ ಬಡಿಸಿಕೊಳ್ಳಲಿ, ಮೊದಲ ತುತ್ತು ನೀವು ತಿನ್ನಿ.

ಮಾತ್ರೆ ಶುರುವಾದ ಮೇಲೆ ನಿದ್ದೆ ಕೆಲವೇ ದಿನಗಳಲ್ಲಿ ಹಿಡಿತಕ್ಕೆ ಬರಬಹುದು, ಸಂಶಯ ಇಳಿಯಲು ಸಾಮಾನ್ಯವಾಗಿ 2ರಿಂದ 6 ವಾರ ಬೇಕು. ಕೈನಡುಕ, ಮೈಬಿಗಿತ, ಒಂದೆಡೆ ಕೂರಲಾಗದ ಚಡಪಡಿಕೆ ಕಂಡರೆ ವೈದ್ಯರಿಗೆ ಹೇಳಿ, ನೀವೇ ನಿಲ್ಲಿಸಬೇಡಿ. ಕೆಲವು ಮಾತ್ರೆಗಳಿಂದ ಬೆವರುವುದು ತಗ್ಗುತ್ತದೆ. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಲ್ಲಿ ಅವನು ಮಧ್ಯಾಹ್ನ ನೆರಳಲ್ಲಿರಲಿ, ನೀರು ಜೊತೆಗಿರಲಿ. ರಾತ್ರಿ ಪಾಳಿಯನ್ನಂತೂ ಬಿಡಿಸಿ.

ಮದುವೆ ಔಷಧವಲ್ಲ. ಹೊಸ ಸಂಬಂಧದವರ ಕಣ್ಣಿಗೆ ಬೀಳಬಾರದೆಂದು ಮಾತ್ರೆ ಬಚ್ಚಿಡುತ್ತಾರೆ, ಮದುವೆಮನೆಯಲ್ಲಿ ನಾಲ್ಕು ರಾತ್ರಿ ನಿದ್ದೆಗೆಡುತ್ತಾರೆ, ಕಾಯಿಲೆ ಮರುಕಳಿಸುತ್ತದೆ. ಅಪ್ಪ-ಅವ್ವ ಒಳಸಂಬಂಧದವರಲ್ಲದಿದ್ದರೆ ಸೋದರಮಾವನ ಮಗಳಿಗೆ ಅಪ್ಪನ ಕಡೆಯ ಈ ಪಾಲು ಬಂದಿರುವುದಿಲ್ಲ. ಆದರೂ ಸೋದರಿಕೆಯ ಮದುವೆಯಲ್ಲಿ ಬೇರೆ ಹುಟ್ಟುದೋಷಗಳ ಸಂಭವ ಸರಿಸುಮಾರು ಇಮ್ಮಡಿ. ಅವನು ಚೇತರಿಸಿಕೊಂಡ ಮೇಲೆ, ಹುಡುಗಿಗೆ ಎಲ್ಲವನ್ನೂ ಬಿಚ್ಚಿ ಹೇಳಿಯೇ ಮಾತು ಮುಂದುವರಿಸಿ.