ಹೊರದೇಶದ ಓದು: ನಿಮ್ಮ ಪ್ರಶ್ನೆ, ನಮ್ಮ ಉತ್ತರ
ಬಿಡುವ ಮೊದಲು ಕೇಳಿ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ. ದೇಶಗಳು ಬೇರೆ, ನಿಯಮಗಳು ಬೇರೆ. ಆದರೂ ಹೆಚ್ಚಿನ ಪತ್ರಗಳಲ್ಲಿ ತೊಂದರೆ ಶುರುವಾದ ದಿನಕ್ಕೂ ಅದನ್ನು ಯಾರಿಗಾದರೂ ಹೇಳಿದ ದಿನಕ್ಕೂ ನಡುವೆ ವಾರಗಳೇ ಉರುಳಿವೆ. ಕಷ್ಟ ಬೆಳೆದದ್ದು ಆ ವಾರಗಳಲ್ಲಿಯೇ.

ಪ್ರಶ್ನೆ: ಅಮೆರಿಕದಲ್ಲಿ ಪದವಿ ತರಗತಿಯ ಮೊದಲ ಸೆಮಿಸ್ಟರ್‌ನಲ್ಲಿದ್ದೇನೆ. ನಾಲ್ಕು ವಿಷಯಗಳು, ಒಟ್ಟು 12 ಕ್ರೆಡಿಟ್. ಒಂದು ವಿಷಯದಲ್ಲಿ ವಾರಕ್ಕೆ ನೂರೈವತ್ತು ಪುಟ ಓದಿಕೊಂಡು ಬಂದು ಚರ್ಚಿಸಬೇಕು. ನನಗೆ ಅರ್ಧವೂ ತಲೆಗೆ ಹೋಗುತ್ತಿಲ್ಲ, ಎಲ್ಲರೂ ಮಾತಾಡುವಾಗ ಬಾಯಿ ತೆರೆಯಲು ಆಗುತ್ತಿಲ್ಲ. ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಒಂದು ಗುಂಡಿ ಒತ್ತಿದರೆ ವಿಷಯವನ್ನು ಕೈಬಿಡಬಹುದಂತೆ. ಒತ್ತಿಬಿಡಲೇ?

ಉತ್ತರ: ಇವತ್ತು ಒತ್ತಬೇಡಿ. ಆ ಗುಂಡಿಗೆ ನಿಮ್ಮ ವೀಸಾ ಯಾವುದೆಂದು ಗೊತ್ತಿಲ್ಲ. ಅದು ಸ್ಥಳೀಯ ವಿದ್ಯಾರ್ಥಿಗೂ ನಿಮಗೂ ಒಂದೇ ರೀತಿ ‘ಆಯಿತು’ ಎನ್ನುತ್ತದೆ. ಎಫ್-1 ವೀಸಾದ ಮೇಲೆ ಪದವಿ ಓದುವವರು ಪ್ರತಿ ಸೆಮಿಸ್ಟರ್‌ನಲ್ಲಿ ಕನಿಷ್ಠ 12 ಕ್ರೆಡಿಟ್‌ಗಳನ್ನು ಹೊತ್ತಿರಬೇಕು. ಅಂಚಿನಲ್ಲೇ ನಿಂತಿರುವ ನೀವು ಒಂದು ವಿಷಯವನ್ನು ಬಿಟ್ಟರೆ 9ಕ್ಕೆ ಇಳಿಯುತ್ತೀರಿ. ಮುಂಚಿತ ಅನುಮತಿಯಿಲ್ಲದೆ ಹಾಗೆ ಇಳಿದದ್ದು ಸೆವಿಸ್ ಎಂಬ ಸರ್ಕಾರಿ ದಾಖಲೆಯಲ್ಲಿ ವೀಸಾ ಸ್ಥಿತಿಯ ಉಲ್ಲಂಘನೆಯಾಗುತ್ತದೆ.

ಆದರೆ ಇದೇ ನಿಯಮದಲ್ಲಿ ಇನ್ನೊಂದು ಬಾಗಿಲೂ ಇದೆ, ಅದನ್ನು ಬಹಳ ಮಂದಿ ನೋಡುವುದೇ ಇಲ್ಲ. ಇಂಗ್ಲಿಷ್ ಭಾಷೆಯ ಅಥವಾ ಓದಿನ ಹೊರೆಯ ಆರಂಭಿಕ ತೊಂದರೆ, ಅಮೆರಿಕದ ಬೋಧನಾ ಕ್ರಮದ ಪರಿಚಯವಿಲ್ಲದಿರುವುದು, ಮಟ್ಟಕ್ಕೆ ಹೊಂದದ ತರಗತಿಗೆ ಸೇರಿಕೊಂಡದ್ದು: ಇಂಥ ಕಾರಣಗಳಿಗಾಗಿ ಹೊರೆ ಇಳಿಸಿಕೊಳ್ಳಲು ಅನುಮತಿ ಕೊಡಬಹುದೆಂದು ನಿಯಮವೇ ಬಿಡಿಸಿ ಹೇಳುತ್ತದೆ. ನಿಮ್ಮ ಪತ್ರವನ್ನು ಓದುವಾಗ ಆ ಪಟ್ಟಿಯನ್ನೇ ಮತ್ತೊಮ್ಮೆ ಓದಿದಂತಾಯಿತು. ನಿಮ್ಮೊಬ್ಬರ ಕೊರತೆಯೆಂದು ನೀವು ಮುಚ್ಚಿಟ್ಟುಕೊಂಡಿರುವ ಕಷ್ಟವನ್ನು, ನಿಯಮ ಬರೆದವರು ಯಾರಿಗಾದರೂ ಬಂದೇ ಬರುತ್ತದೆಂದು ಎಣಿಸಿ ಮೊದಲೇ ಬರೆದಿಟ್ಟಿದ್ದಾರೆ. ಷರತ್ತುಗಳೂ ಇವೆ. ಉಳಿಸಿಕೊಳ್ಳುವ ಹೊರೆ ಅರ್ಧಕ್ಕಿಂತ, ಅಂದರೆ 6 ಕ್ರೆಡಿಟ್‌ಗಿಂತ, ಕಡಿಮೆಯಿರಬಾರದು. ಮುಂದಿನ ಅವಧಿಯಲ್ಲಿ ಪೂರ್ಣ ಹೊರೆಗೆ ಮರಳಬೇಕು. ಈ ಅವಕಾಶ ಒಂದು ಪದವಿ ಹಂತದಲ್ಲಿ ಒಮ್ಮೆ ಮಾತ್ರ. ಕಾಯಿಲೆ ಅಥವಾ ಮನಸ್ಸಿನ ಅಸ್ವಾಸ್ಥ್ಯ ಕಾರಣವಾಗಿದ್ದರೆ ದಾರಿ ಬೇರೆ: ವೈದ್ಯರ ಅಥವಾ ಕ್ಲಿನಿಕಲ್ ಮನಶ್ಶಾಸ್ತ್ರಜ್ಞರ ಪತ್ರದ ಮೇಲೆ ಇನ್ನೂ ಕೆಳಗಿಳಿಯಬಹುದು, ಅಗತ್ಯವಾದರೆ ಆ ಅವಧಿಯ ಓದನ್ನು ಪೂರ್ತಿ ನಿಲ್ಲಿಸಲೂಬಹುದು, ಒಟ್ಟು ಮಿತಿ 12 ತಿಂಗಳು.

ಈ ಅನುಮತಿಯನ್ನು ಕೊಡುವವರು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ಕುಳಿತಿರುವ ಡಿಎಸ್ಓ, ಅಂದರೆ ವಿದೇಶಿ ವಿದ್ಯಾರ್ಥಿಗಳ ವೀಸಾ ದಾಖಲೆ ನೋಡಿಕೊಳ್ಳುವ ಅಧಿಕಾರಿ. ಅವರು ಸೆವಿಸ್‌ನಲ್ಲಿ ನಮೂದಿಸಿದ ಮೇಲೆ ಗುಂಡಿ ಒತ್ತಬೇಕು. ಮೊದಲು ವಿಷಯ ಬಿಟ್ಟು ಆಮೇಲೆ ಅವರ ಮುಂದೆ ನಿಂತರೆ, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಹಿಂದಿನ ತಾರೀಖು ಹಾಕಿ ಅನುಮತಿ ಕೊಡುವ ಅಧಿಕಾರ ಅವರಿಗಿಲ್ಲ. ಆಗ ಉಳಿಯುವುದು ವಲಸೆ ಇಲಾಖೆಗೆ ಅರ್ಜಿ ಹಾಕಿ ಸ್ಥಿತಿಯನ್ನು ಮರಳಿ ಪಡೆಯುವ ದಾರಿ. ಅದನ್ನೂ ಸಾಮಾನ್ಯವಾಗಿ 5 ತಿಂಗಳೊಳಗೆ ಹಾಕಿರಬೇಕು, ಹಾಕಿದರೂ ಖಾತ್ರಿಯಿಲ್ಲ.

ಇನ್ನು ಬಾಯಿ ತೆರೆಯುವ ಮಾತು. ನಾನು ಹೊರದೇಶದಲ್ಲಿ ಓದಿದ ಮೊದಲ ಸೆಮಿನಾರಿನಲ್ಲಿ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಿಂದ ಒಂದು ಪ್ರಶ್ನೆ ಬರೆದುಕೊಂಡು, ಅದರ ವ್ಯಾಕರಣವನ್ನು ಮೂರು ಸಲ ತಿದ್ದಿ, ತಲೆಯೆತ್ತಿದಾಗ ಚರ್ಚೆ ಎರಡು ಅಧ್ಯಾಯ ಮುಂದೆ ಹೋಗಿತ್ತು. ಆರು ವಾರ ಹೀಗೆಯೇ ಕಳೆಯಿತು. ಕೊನೆಗೆ ಫಲಿಸಿದ್ದು ತೀರ ಸಣ್ಣ ಉಪಾಯ: ಓದಿ ಬಂದ ಒಂದೇ ಒಂದು ವಾಕ್ಯವನ್ನು ಗುರುತು ಹಾಕಿಕೊಂಡು, ತರಗತಿ ಶುರುವಾದ ಹತ್ತು ನಿಮಿಷದೊಳಗೆ ‘ಈ ವಾಕ್ಯ ನನಗೆ ಅರ್ಥವಾಗಲಿಲ್ಲ’ ಎಂದು ಹೇಳಿಬಿಡುವುದು. ಅರ್ಥವಾಗದವರು ಅಲ್ಲಿ ಇನ್ನೂ ನಾಲ್ಕು ಜನ ಇದ್ದರೆಂದು ಆಗ ತಿಳಿಯಿತು. ನೂರೈವತ್ತು ಪುಟಗಳನ್ನು ಅಕ್ಷರ ಬಿಡದೆ ಓದುವವರೂ ಹೆಚ್ಚಿಲ್ಲ. ಮುನ್ನುಡಿ, ಕೊನೆಯ ಭಾಗ, ಉಪಶೀರ್ಷಿಕೆಗಳನ್ನು ಮೊದಲು ಓದಿ, ವಾದ ಎತ್ತ ಹೋಗುತ್ತಿದೆಯೆಂದು ಹಿಡಿದುಕೊಂಡು, ಬೇಕಾದ ಕಡೆ ಮಾತ್ರ ನಿಲ್ಲುತ್ತಾರೆ. ಪ್ರಾಧ್ಯಾಪಕರ ಭೇಟಿಯ ವೇಳೆಗೆ ಹೋಗುವಾಗ ‘ನನಗೇನೂ ತಿಳಿಯುತ್ತಿಲ್ಲ’ ಎನ್ನಬೇಡಿ. ಪುಸ್ತಕ ತೆಗೆದು ಪುಟ ತೋರಿಸಿ. ಅವರೊಡನೆ ಒಂದು ಸಲ, ಡಿಎಸ್ಓ ಜೊತೆ ಒಂದು ಸಲ, ಎರಡೂ ಮಾತುಕತೆ ಈ ವಾರವೇ ಆಗಲಿ. ಆಮೇಲೂ ಬಿಡಬೇಕೆನಿಸಿದರೆ ಧಾರಾಳವಾಗಿ ಬಿಡಿ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ಒಂದು ವರ್ಷದ ಮಾಸ್ಟರ್ಸ್ ಓದುತ್ತಿದ್ದೇನೆ. ಸಹಪಾಠಿಯೊಬ್ಬರು ‘ರಚನೆ ಹೇಗಿರಬೇಕೆಂದು ನೋಡುತ್ತೇನೆ’ ಎಂದು ಕೇಳಿದ್ದಕ್ಕೆ ನನ್ನ ಪ್ರಬಂಧದ ಕರಡನ್ನು ಕಳುಹಿಸಿದ್ದೆ. ಈಗ ಇಬ್ಬರಿಗೂ ವಿಚಾರಣೆಯ ನೋಟಿಸ್ ಬಂದಿದೆ. ಬರೆದವನು ನಾನು, ಕದ್ದವರು ಅವರು. ನನ್ನ ತಪ್ಪೇನು?

ಉತ್ತರ: ನೋಟಿಸಿನಲ್ಲಿ ‘ಕೊಲ್ಯೂಷನ್’ ಎಂಬ ಪದವಿದೆಯೇ ನೋಡಿ, ಇರುವ ಸಾಧ್ಯತೆಯೇ ಹೆಚ್ಚು. ಒಬ್ಬರೇ ಮಾಡಬೇಕಾದ ಕೆಲಸವನ್ನು ಇಬ್ಬರು ಸೇರಿ ಮಾಡಿದಂತಾಗುವುದಕ್ಕೆ ಆ ಹೆಸರು. ಬಹುತೇಕ ವಿಶ್ವವಿದ್ಯಾಲಯಗಳ ನಿಯಮದಲ್ಲಿ ಪಡೆದವರಂತೆ ಕೊಟ್ಟವರೂ ಅದರಡಿ ಬರುತ್ತಾರೆ. ಟಿಪ್ಪಣಿ ಹಂಚಿಕೊಳ್ಳುವುದು ಸ್ನೇಹದ ಲಕ್ಷಣವೆಂದೇ ತಿಳಿದು ಬೆಳೆದವರಿಗೆ ಇದು ಅನ್ಯಾಯವೆನಿಸುವುದು ಸಹಜ, ನನಗೂ ಮೊದಲು ಹಾಗೆಯೇ ಅನಿಸಿತ್ತು. ಟಿಪ್ಪಣಿ ಕೊಟ್ಟಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲವೇನೋ. ನೀವು ಕೊಟ್ಟದ್ದು ಅಂಕಕ್ಕೆ ಸಲ್ಲಿಸಲಿದ್ದ ಬರಹವನ್ನು.

ಸಿಟ್ಟಿನಲ್ಲಿ ಉತ್ತರ ಬರೆಯಬೇಡಿ, ಸಹಪಾಠಿಯೊಡನೆ ಹೇಳಿಕೆ ಹೊಂದಿಸಿಕೊಳ್ಳಲು ಖಂಡಿತ ಹೋಗಬೇಡಿ. ಕಡತದ ಹಳೆಯ ಆವೃತ್ತಿಗಳು ತಾರೀಖಿನ ಸಮೇತ ನಿಮ್ಮ ಕಂಪ್ಯೂಟರಿನಲ್ಲಿ ಇರುತ್ತವೆ. ಅವನ್ನೂ, ಕೈಬರಹದ ಟಿಪ್ಪಣಿಗಳನ್ನೂ, ಸಹಪಾಠಿ ಏನೆಂದು ಕೇಳಿದ್ದರು, ನೀವು ಏನೆಂದು ಕಳುಹಿಸಿದಿರಿ ಎಂಬ ಸಂದೇಶಗಳನ್ನೂ ಒಂದೆಡೆ ಜೋಡಿಸಿ. ಬರೆದವರು ನೀವೆಂದೂ, ನಕಲಿಗಾಗಿ ಕೊಟ್ಟದ್ದಲ್ಲವೆಂದೂ ತೋರಿಸುವುದು ಆ ಕಾಗದಗಳೇ. ಕಳುಹಿಸಿದ್ದನ್ನು ಮಾತ್ರ ಅಲ್ಲಗಳೆಯಬೇಡಿ. ನಂತರ ವಿದ್ಯಾರ್ಥಿ ಸಂಘದ ಸಲಹಾ ಕೇಂದ್ರಕ್ಕೆ ಹೋಗಿ. ಅಲ್ಲಿಯವರು ಸಾಮಾನ್ಯವಾಗಿ ವಿಶ್ವವಿದ್ಯಾಲಯದ ಆಡಳಿತದಿಂದ ಬೇರೆಯಾಗಿ ಕೆಲಸ ಮಾಡುವವರು, ಶುಲ್ಕವಿಲ್ಲ, ಅನೇಕ ಕಡೆ ವಿಚಾರಣೆಯ ಕೋಣೆಯಲ್ಲಿ ನಿಮ್ಮ ಪಕ್ಕದಲ್ಲಿ ಕುಳಿತುಕೊಳ್ಳುತ್ತಾರೆ ಕೂಡ. ಹೋಲಿಕೆಯ ಶೇಕಡಾ ಅಂಕಿಯನ್ನು ನೋಡಿ ಧೃತಿಗೆಡಬೇಡಿ. ಆ ತಂತ್ರಾಂಶ ಉದ್ಧರಣೆಗಳನ್ನೂ ಆಕರಸೂಚಿಯನ್ನೂ ಸೇರಿಸಿ ಎಣಿಸಿರಬಹುದು, ತೀರ್ಪು ಕೊಡುವವರು ಮನುಷ್ಯರು. ಒಳಗಿನ ಮೇಲ್ಮನವಿಗಳೆಲ್ಲ ಮುಗಿದ ಮೇಲೂ ನ್ಯಾಯ ಸಿಗಲಿಲ್ಲವೆನಿಸಿದರೆ, ವಿಶ್ವವಿದ್ಯಾಲಯ ಕೊಡುವ ಪ್ರಕ್ರಿಯೆ ಮುಗಿದ ಪತ್ರವನ್ನು ಹಿಡಿದು 12 ತಿಂಗಳೊಳಗೆ ಇಂಗ್ಲೆಂಡ್ ಮತ್ತು ವೇಲ್ಸ್‌ಗಾಗಿ ಇರುವ, ವಿದ್ಯಾರ್ಥಿಗಳ ದೂರುಗಳನ್ನು ಪರಿಶೀಲಿಸುವ ಸ್ವತಂತ್ರ ಸಂಸ್ಥೆಯಾದ ಓಐಎಗೆ ದೂರು ಕೊಡಬಹುದು. ಅದು ಅಂಕವನ್ನು ಮರುಪರಿಶೀಲಿಸುವುದಿಲ್ಲ, ವಿಚಾರಣೆ ಕ್ರಮಬದ್ಧವಾಗಿ ನಡೆಯಿತೇ ಎಂಬುದನ್ನು ನೋಡುತ್ತದೆ.

ಪ್ರಶ್ನೆ: ಜರ್ಮನಿಗೆ ಬಂದು ಐದು ವಾರವಾಯಿತು. ವಿಳಾಸ ನೋಂದಣಿಗೆ ಬೇಕಾದ ಪತ್ರಕ್ಕೆ ಸಹಿ ಮಾಡಲು ಕೋಣೆ ಕೊಟ್ಟವರು ‘ಮುಂದಿನ ವಾರ’ ಎನ್ನುತ್ತಲೇ ಇದ್ದಾರೆ. ಒತ್ತಾಯ ಮಾಡಿದರೆ ಕೋಣೆ ಹೋದೀತೆಂಬ ಭಯ.

ಉತ್ತರ: ಆ ಪತ್ರದ ಹೆಸರು ವೋನುಂಗ್ಸ್‌ಗೇಬರ್‌ಬೆಶ್ಟೇಟಿಗುಂಗ್, ಒಂದೇ ಉಸಿರಿನಲ್ಲಿ ಹೇಳಲು ಬಂದರೆ ಅರ್ಧ ಜರ್ಮನ್ ಕಲಿತಂತೆ. ಹಾಸ್ಯ ಬದಿಗಿರಲಿ, 2015ರ ನವೆಂಬರ್ 1ರಿಂದ ಅದನ್ನು ಕೊಡುವುದು ವಸತಿ ನೀಡಿದವರ ಕಾನೂನುಬದ್ಧ ಕರ್ತವ್ಯ, ಅವರ ಕೃಪೆಯಲ್ಲ. ಮನೆಗೆ ಬಂದ ಎರಡು ವಾರದೊಳಗೆ ಆನ್‌ಮೆಲ್ಡುಂಗ್, ಅಂದರೆ ನೋಂದಣಿ, ಆಗಬೇಕು. ನಿಮ್ಮ ಅವಧಿ ಆಗಲೇ ಮೀರಿದೆ. ಪತ್ರ ಕೊಡಲು ನಿರಾಕರಿಸಿದರೆ ಅಥವಾ ಸಕಾಲದಲ್ಲಿ ಕೊಡದಿದ್ದರೆ ಅದನ್ನು ಕೂಡಲೇ ನೋಂದಣಿ ಕಚೇರಿಗೆ ತಿಳಿಸಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಬಾಡಿಗೆ ಕರಾರು, ನೀವು ಕೇಳಿದ ಸಂದೇಶಗಳು, ಅವರ ‘ಮುಂದಿನ ವಾರ’ಗಳು, ಎಲ್ಲವನ್ನೂ ಮುದ್ರಿಸಿಕೊಂಡು ನಾಳೆಯೇ ಹೋಗಿ.

ಸಹಿ ತಪ್ಪಿಸುವವರಲ್ಲಿ ಕೆಲವರು ನಿಜವಾದ ಮಾಲೀಕರಾಗಿರುವುದಿಲ್ಲ, ಮಾಲೀಕರಿಗೆ ತಿಳಿಸದೆ ಒಳಬಾಡಿಗೆ ಕೊಟ್ಟಿರುತ್ತಾರೆ. ಕರಾರಿನಲ್ಲಿರುವ ಹೆಸರನ್ನೂ ಬಾಗಿಲ ಕರೆಗಂಟೆಯ ಮೇಲಿರುವ ಹೆಸರನ್ನೂ ಒಮ್ಮೆ ತಾಳೆ ನೋಡಿ. ನೋಂದಣಿಯಿಲ್ಲದಿದ್ದರೆ ತೆರಿಗೆ ಗುರುತಿನ ಸಂಖ್ಯೆ ಅಂಚೆಯಲ್ಲಿ ಬರುವುದಿಲ್ಲ, ಅದಿಲ್ಲದೆ ಅರೆಕಾಲಿಕ ಕೆಲಸಕ್ಕೆ ಸೇರಿದರೆ ಸಂಬಳದಿಂದ ಹೆಚ್ಚಿನ ದರದಲ್ಲಿ ತೆರಿಗೆ ಕಡಿತವಾದೀತು, ವಾಸ್ತವ್ಯ ಪರವಾನಗಿಯ ಅರ್ಜಿಯೂ ನಿಂತಲ್ಲೇ ನಿಲ್ಲುತ್ತದೆ. ಠೇವಣಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಮೂರು ತಿಂಗಳ ಮೂಲ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ, ಅದನ್ನೂ ಮೂರು ಕಂತುಗಳಲ್ಲಿ ಕೊಡುವ ಹಕ್ಕು ಬಾಡಿಗೆದಾರರಿಗಿದೆ.

ಪ್ರಶ್ನೆ: ಆಸ್ಟ್ರೇಲಿಯಾದಲ್ಲಿ ಹದಿನೈದು ದಿನಕ್ಕೆ 48 ಗಂಟೆ ಕೆಲಸ ಮಾಡಬಹುದೆನ್ನುತ್ತಾರೆ. ಒಂದು ವಾರ ಕಡಿಮೆ ಮಾಡಿ ಇನ್ನೊಂದು ವಾರ ಹೆಚ್ಚು ಮಾಡಿದರೆ ಸರಿಹೋಗುತ್ತದೆಯೇ?

ಉತ್ತರ: 2023ರ ಜುಲೈ 1ರಿಂದ ಜಾರಿಯಲ್ಲಿರುವ ಮಿತಿ ಅದು, ಮತ್ತು ಲೆಕ್ಕ ಹದಿನಾಲ್ಕು ದಿನಗಳದ್ದು. ಸರಿಹೋಗುತ್ತದೆ, ಆದರೆ ಎಡವುವುದೂ ಅಲ್ಲಿಯೇ. ಯಾವುದೇ ಸೋಮವಾರದಿಂದ ಎಣಿಸಿದರೂ ಹದಿನಾಲ್ಕು ದಿನಗಳ ಮೊತ್ತ 48 ದಾಟಬಾರದು. ಮೊದಲ ವಾರ 15, ಎರಡನೆಯ ವಾರ 30, ಮೂರನೆಯ ವಾರ 20 ಗಂಟೆ ಮಾಡಿದಿರೆನ್ನಿ. ಮೊದಲೆರಡು ವಾರಗಳು ಸೇರಿ 45, ತೊಂದರೆಯಿಲ್ಲ. ಎರಡನೆಯದೂ ಮೂರನೆಯದೂ ಸೇರಿದರೆ 50, ಮಿತಿ ಮೀರಿತು. ತರಗತಿಗಳಿಗೆ ರಜೆಯಿರುವ ಅವಧಿಗೆ ಈ ಮಿತಿಯಿಲ್ಲ. ಕೋರ್ಸ್ ಆರಂಭವಾಗುವ ಮೊದಲು ಮಾತ್ರ ಕೆಲಸವೇ ಕೂಡದು. ‘ನಿನ್ನ ವೀಸಾ ವಿಷಯ ಎತ್ತುತ್ತೇನೆ’ ಎಂದು ಹೆದರಿಸಿ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವವರಿದ್ದರೆ, ವೇತನದ ಹಕ್ಕು ವೀಸಾ ಯಾವುದೇ ಇದ್ದರೂ ಒಂದೇ ಎಂಬುದು ಗೊತ್ತಿರಲಿ; ದೂರು ಕೊಡಬೇಕಾದದ್ದು ಫೇರ್ ವರ್ಕ್ ಒಂಬುಡ್ಸ್‌ಮನ್ ಕಚೇರಿಗೆ.

ಪ್ರಶ್ನೆ: ಮಗಳು ಅಮೆರಿಕಕ್ಕೆ ಓದಲು ಹೋಗಿ ಎಂಟು ತಿಂಗಳಾಯಿತು. ಮೊದಲೆಲ್ಲ ಗಂಟೆಗಟ್ಟಲೆ ಮಾತಾಡುತ್ತಿದ್ದವಳು ಈಗ ‘ಎಲ್ಲಾ ಚೆನ್ನಾಗಿದೆ’ ಎಂದು ಎರಡು ನಿಮಿಷಕ್ಕೆ ಮುಗಿಸುತ್ತಾಳೆ. ವಿಶ್ವವಿದ್ಯಾಲಯಕ್ಕೆ ಪತ್ರ ಬರೆದರೆ ಅವಳ ಬಗ್ಗೆ ಏನೂ ಹೇಳಲಾಗದು ಎಂದರು. ಹಣ ಕಟ್ಟುವವರು ನಾವಲ್ಲವೇ?

ಉತ್ತರ: ಹಣ ಕಟ್ಟುವವರು ನೀವೇ, ಆದರೆ ದಾಖಲೆ ಅವಳದು. ಅಮೆರಿಕದ 1974ರ ಫರ್ಪಾ ಕಾಯ್ದೆಯಂತೆ, ವಿಶ್ವವಿದ್ಯಾಲಯ ಸೇರಿದ ವಿದ್ಯಾರ್ಥಿಯ ಶೈಕ್ಷಣಿಕ ದಾಖಲೆಯ ಮೇಲಿನ ಹಕ್ಕು ಪೋಷಕರಿಂದ ವಿದ್ಯಾರ್ಥಿಗೇ ಸೇರುತ್ತದೆ. ಜೀವಕ್ಕೆ ಅಪಾಯವಿರುವಂಥ ತುರ್ತುಸ್ಥಿತಿಗೆ ವಿನಾಯಿತಿಯಿದೆ. ಅವರು ನಿಮಗೆ ಹೇಳುವುದಕ್ಕೆ ಅಡ್ಡಿಯಿರಬಹುದು, ನೀವು ಹೇಳಿದ್ದನ್ನು ಕೇಳಿಸಿಕೊಳ್ಳುವುದಕ್ಕೆ ಯಾವ ಕಾನೂನೂ ಅಡ್ಡಬರುವುದಿಲ್ಲ. ಅವಳು ಊಟ, ನಿದ್ದೆ ಬಿಟ್ಟಿರುವಳೆಂದೋ ದಿನಗಟ್ಟಲೆ ಫೋನ್ ಎತ್ತುತ್ತಿಲ್ಲವೆಂದೋ ಕಂಡರೆ, ವಿದ್ಯಾರ್ಥಿ ಕ್ಷೇಮ ವಿಭಾಗಕ್ಕೆ ಆ ಮಾಹಿತಿಯನ್ನು ಕೊಡಿ.

ಎಂಟನೆಯ ತಿಂಗಳ ಬಗ್ಗೆ ಒಂದು ಮಾತು. ಸಮಾಜಶಾಸ್ತ್ರಜ್ಞ ಸ್ವೆರೆ ಲಿಸ್ಗೋರ್ ಅವರು ಫುಲ್‌ಬ್ರೈಟ್ ನೆರವಿನಿಂದ ಅಮೆರಿಕಕ್ಕೆ ಹೋಗಿ ಬಂದ ನಾರ್ವೆಯವರನ್ನು ಮಾತಾಡಿಸಿ 1955ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ತಿಂಗಳಿಗಿಂತ ಕಡಿಮೆ ಅಥವಾ ಹದಿನೆಂಟು ತಿಂಗಳಿಗಿಂತ ಹೆಚ್ಚು ಕಾಲ ಇದ್ದವರಿಗಿಂತ ಈ ಎರಡರ ನಡುವಿನ ಅವಧಿಯವರೇ ಹೆಚ್ಚು ಮಂಕಾಗಿದ್ದರು. ಇದು ಎಲ್ಲರಿಗೂ ಹೊಂದುವ ಸೂತ್ರವೇನಲ್ಲ. ನ್ಯೂಜಿಲೆಂಡ್‌ನಲ್ಲಿದ್ದ ಜಪಾನಿ ವಿದ್ಯಾರ್ಥಿಗಳ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಬಂದಿಳಿದ ಮೊದಲ ದಿನಗಳೇ ಎಲ್ಲಕ್ಕಿಂತ ಕಠಿಣವಾಗಿ ಕಂಡಿದ್ದವು. ಆದರೂ ಹೊಸತನದ ಬೆರಗು ಇಳಿದು, ಗೆಳೆತನ ಇನ್ನೂ ಗಟ್ಟಿಯಾಗದ ಒಂದು ಕಾಲ ಇರುತ್ತದೆ. ಆಗ ಹೇಳಲು ಸುದ್ದಿಯೇ ಇರುವುದಿಲ್ಲ. ಇದ್ದರೂ, ನಿಮಗೆ ಚಿಂತೆಯಾದೀತೆಂದು ಅವಳು ನುಂಗಿಕೊಳ್ಳುತ್ತಾಳೆ. ಅತ್ತ ‘ಚೆನ್ನಾಗಿದೆ’ ಎಂದರೆ ಇತ್ತ ನೀವೂ ನಿಮ್ಮ ಮಂಡಿನೋವನ್ನು ಮುಚ್ಚಿಟ್ಟು ‘ಚೆನ್ನಾಗಿದ್ದೇವೆ’ ಎನ್ನುತ್ತಿರಬಹುದು.

‘ಹೇಗಿದ್ದೀಯ’ ಎಂಬ ಪ್ರಶ್ನೆಗೆ ಇರುವುದು ಒಂದೇ ಉತ್ತರ. ಮುಂದಿನ ಸಲ ಕರೆ ಮಾಡಿದಾಗ, ಅವಳ ಕೋಣೆಯ ಕಿಟಕಿಯಿಂದ ಈಗ ಏನು ಕಾಣುತ್ತಿದೆಯೆಂದು ಕೇಳಿ. ಅವಳು ಎದ್ದು ಕಿಟಕಿಯ ಬಳಿ ಹೋಗುವಷ್ಟು ಹೊತ್ತು ಸುಮ್ಮನೆ ಕಾಯಿರಿ.